ಕಟ್ಟಡ ಕೆಡವುವ ಮುನ್ನ ಕಲ್ನಾರು

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಟ್ಟಡದಲ್ಲಿ ಗಟ್ಟಿಯಾಗಿ ಕೂತಿರುವಷ್ಟು ಕಾಲ ಹೆಚ್ಚಿನ ತೊಂದರೆ ಕೊಡುವುದಿಲ್ಲ. ಅದರ ನಾರು ದೊಡ್ಡ ಪ್ರಮಾಣದಲ್ಲಿ ಗಾಳಿಗೆ ಬರುವುದು ಎರಡು ಘಟ್ಟಗಳಲ್ಲಿ: ಗಣಿಯಿಂದ ತೆಗೆದು ಕಾರ್ಖಾನೆಯಲ್ಲಿ ಬಿಡಿಸಿ ಬೆರೆಸುವಾಗ ಒಮ್ಮೆ, ಹಲವು ದಶಕಗಳ ನಂತರ ಕಟ್ಟಡ ಒಡೆಯುವಾಗ ಮತ್ತೊಮ್ಮೆ. ಮೊದಲ ಘಟ್ಟಕ್ಕೆ ಭಾರತದಲ್ಲಿ ಕಾನೂನುಗಳಿವೆ, ಸುಪ್ರೀಂ ಕೋರ್ಟಿನ ತೀರ್ಪುಗಳಿವೆ. ಎರಡನೆಯದು ಬಹುಪಾಲು ಮೇಸ್ತ್ರಿ ಮತ್ತು ಜೆಸಿಬಿ ಚಾಲಕನ ವಿವೇಚನೆಗೆ ಬಿಟ್ಟ ಸಂಗತಿಯಾಗಿದೆ. ಆದರೆ ಕೆಡವುವ ಕೆಲಸದಲ್ಲಿ ಕಲ್ನಾರಿನ ಅಪಾಯ ಎಷ್ಟಿರುತ್ತದೆ ಎಂಬುದು ಮೊದಲ ಸುತ್ತಿಗೆ ಏಟು ಬೀಳುವ ಮುಂಚೆಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಧೂಳು ಎದ್ದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಕಲ್ನಾರು ಒಂದೇ ಖನಿಜವಲ್ಲ. ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಆರು ಸಿಲಿಕೇಟ್ ಖನಿಜಗಳಿಗೆ ಒಟ್ಟಾಗಿ ಈ ಹೆಸರು. ಬಿಳಿ ಬಣ್ಣದ ಕ್ರೈಸೊಟೈಲ್ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದದ್ದು. ಕಂದು ಅಮೊಸೈಟ್, ನೀಲಿ ಕ್ರೊಸಿಡೊಲೈಟ್ ಅದಕ್ಕಿಂತ ಹೆಚ್ಚು ಅಪಾಯಕಾರಿ. ಬೆಂಕಿಗೆ ಸುಡುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ, ಕೊಳೆಯುವುದಿಲ್ಲ ಎಂಬ ಗುಣಗಳಿಗಾಗಿಯೇ ಇಪ್ಪತ್ತನೆಯ ಶತಮಾನದ ಎಂಜಿನಿಯರುಗಳು ಇದನ್ನು ಮೆಚ್ಚಿಕೊಂಡರು. ಶ್ವಾಸಕೋಶಕ್ಕೆ ಮುಳುವಾದದ್ದೂ ಇದೇ ಬಾಳಿಕೆ. ಅಳತೆಯಲ್ಲಿ ಲೆಕ್ಕಕ್ಕೆ ಹಿಡಿಯುವ ನಾರು 5 ಮೈಕ್ರಾನಿಗಿಂತ ಉದ್ದ, 3 ಮೈಕ್ರಾನಿಗಿಂತ ತೆಳುವಾಗಿರುತ್ತದೆ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಷ್ಟು ಸಣ್ಣ ಎಳೆ ಕಣ್ಣಿಗೆ ಕಾಣುವುದಿಲ್ಲ, ಕೆಮ್ಮು ಬರಿಸುವುದಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಗೆ ಇಳಿದದ್ದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ.

ಇದರಿಂದ ಬರುವ ಕಾಯಿಲೆಗಳ ಬಗ್ಗೆ ಇಂದು ವೈದ್ಯಶಾಸ್ತ್ರದಲ್ಲಿ ಸಂಶಯ ಉಳಿದಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬಾಕೆ 1924ರಲ್ಲಿ ಶ್ವಾಸಕೋಶ ಗಟ್ಟಿಯಾಗಿ ಸತ್ತಾಗ, ಅದನ್ನು ಪರೀಕ್ಷಿಸಿದ ವೈದ್ಯ ವಿಲಿಯಂ ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1931ಕ್ಕೆ ಬ್ರಿಟನ್ ಕಾರ್ಖಾನೆಗಳಿಗೆ ಧೂಳಿನ ನಿಯಮ ತಂದಿತು. 1960ರಲ್ಲಿ ದಕ್ಷಿಣ ಆಫ್ರಿಕದ ಕ್ರಿಸ್ ವ್ಯಾಗ್ನರ್ ಮತ್ತು ಸಂಗಡಿಗರು ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರಿಗೂ ನೀಲಿ ಕಲ್ನಾರಿನ ಗಣಿಗಳಿಗೂ ಇರುವ ನಂಟನ್ನು ತೋರಿಸಿದರು. ಆ ರೋಗಿಗಳಲ್ಲಿ ಗಣಿಗೆ ಕಾಲಿಡದೆ, ಬರೀ ಅದರ ಆಸುಪಾಸಿನಲ್ಲಿ ಬೆಳೆದವರೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿ ಕಲ್ನಾರನ್ನೂ ಸೇರಿಸಿ ಆರೂ ಬಗೆಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿನಲ್ಲಿಟ್ಟಿದೆ.

ಕೆಡವುವ ಕೆಲಸದ ಮಟ್ಟಿಗೆ ಈ ಕಾಯಿಲೆಗಳ ಒಂದು ಲಕ್ಷಣ ಬಹಳ ಮುಖ್ಯ. ನಾರು ಒಳಹೊಕ್ಕ ದಿನಕ್ಕೂ ರೋಗ ತಲೆಯೆತ್ತುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಅಂತರವಿರುತ್ತದೆ. ಗೋಡೆ ಕುಸಿದು ಕಾರ್ಮಿಕ ಸತ್ತರೆ ಅದೇ ದಿನ ಪೊಲೀಸರು ಬರುತ್ತಾರೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಮುಂದಿನ ಸಲ ಗುತ್ತಿಗೆದಾರ ಸ್ವಲ್ಪವಾದರೂ ಎಚ್ಚರ ವಹಿಸುತ್ತಾನೆ. ಕಲ್ನಾರಿನ ವಿಷಯದಲ್ಲಿ ಹಾಗೆ ಪಾಠ ಕಲಿಯುವ ಅವಕಾಶವೇ ಇಲ್ಲ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದು ಮೂರು ದಿನ ಹಳೆಯ ಗೋದಾಮು ಒಡೆದು ಹೋದ ಯುವಕ, ಅರವತ್ತರ ವಯಸ್ಸಿನಲ್ಲಿ ಏದುಸಿರು ಬಿಡುವಾಗ ಆ ಮೂರು ದಿನಗಳನ್ನು ನೆನೆಯುವವರು ಯಾರೂ ಇರುವುದಿಲ್ಲ. ಅನುಭವದಿಂದ ಕಲಿಯಲಾಗದ ಅಪಾಯಕ್ಕೆ ನಿಯಮದಿಂದಲೇ ಕಡಿವಾಣ ಹಾಕಬೇಕು.

ಭಾರತದಲ್ಲಿ ಕಲ್ನಾರು ಎಂದರೆ ಬಹುಮಟ್ಟಿಗೆ ಸಿಮೆಂಟ್ ಶೀಟು. ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳು ಹಾಳೆ ಮಾಡುವ ವಿಧಾನವನ್ನು ಆಸ್ಟ್ರಿಯದ ಲುಡ್ವಿಗ್ ಹಾಟ್‌ಶೆಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದ. ಹೆಂಚಿಗಿಂತ ಬೇಗ ಹೊದಿಸಬಹುದು, ತಗಡಿನಂತೆ ತುಕ್ಕು ಹಿಡಿಯುವುದಿಲ್ಲ, ಮಳೆಯ ಸದ್ದು ಕಡಿಮೆ, ಬೆಲೆಯೂ ಕೈಗೆಟುಕುವಂಥದ್ದು. ಹೀಗಾಗಿ ರೇಷ್ಮೆ ಸಾಕುವ ಮನೆಯಿಂದ ಅಕ್ಕಿ ಗಿರಣಿಯವರೆಗೆ, ವಠಾರದ ಶೀಟ್ ಮನೆಯಿಂದ ಸರ್ಕಾರಿ ಶಾಲೆಯ ಕೊಠಡಿಯವರೆಗೆ ಅದು ಹಬ್ಬಿತು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಒಂದು ಕಾಲಕ್ಕೆ ಕಲ್ನಾರು ತೆಗೆಯುತ್ತಿದ್ದರು. ದೇಶದಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಲಾಯಿತು. ಆದರೆ ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ಲಕ್ಷಗಟ್ಟಲೆ ಟನ್ ಕ್ರೈಸೊಟೈಲ್ ತರಿಸಿಕೊಂಡು ಶೀಟು ಮಾಡುವುದು ನಿಂತಿಲ್ಲ. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತವೇ. ತನ್ನ ನೆಲದಿಂದ ಅಗೆಯುವುದು ಬೇಡ, ತಂದು ತಲೆಯ ಮೇಲೆ ಹೊದ್ದುಕೊಳ್ಳಬಹುದು ಎಂಬ ಈ ನೀತಿಯ ತರ್ಕ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ.

ಶೀಟು ತಯಾರಕರು ದಶಕಗಳಿಂದ ಹೇಳುತ್ತ ಬಂದ ವಾದ ಇಷ್ಟು: ಶೀಟಿನಲ್ಲಿ ನಾರು ನೂರಕ್ಕೆ ಎಂಟು ಹತ್ತು ಪಾಲು ಮಾತ್ರ, ಉಳಿದದ್ದು ಸಿಮೆಂಟು ಮತ್ತು ಹಾರುಬೂದಿ, ನಾರು ಸಿಮೆಂಟಿನಲ್ಲಿ ಗಟ್ಟಿಯಾಗಿ ಹುದುಗಿರುವುದರಿಂದ ಅದು ಹೊರಗೆ ಬರುವುದಿಲ್ಲ. ಈ ವಾದವನ್ನು ವಿರೋಧಿಗಳು ಒಪ್ಪುವುದಿಲ್ಲ. ಬಿಸಿಲು ಮಳೆಗೆ ಶೀಟಿನ ಮೇಲ್ಮೈ ಸವೆದು ಪಾಚಿ ಕಟ್ಟಿ ನಾರು ತೆರೆದುಕೊಳ್ಳುತ್ತದೆ ಎಂಬುದು ಅವರ ಉತ್ತರ. ಆದರೆ ಕೆಡವುವ ಪ್ರಶ್ನೆಯಲ್ಲಿ ಈ ಜಗಳ ಬಗೆಹರಿಯುವವರೆಗೆ ಕಾಯಬೇಕಾಗಿಲ್ಲ. ತಯಾರಕರ ವಾದವನ್ನು ಪೂರ್ತಿ ಒಪ್ಪಿಕೊಂಡರೂ ಅದು ಶೀಟು ಇಡಿಯಾಗಿರುವವರೆಗೆ ಮಾತ್ರ ಸಲ್ಲುತ್ತದೆ. ಶೀಟನ್ನು ಪುಡಿ ಮಾಡುವ ಕೆಲಸವೇ ಕೆಡವುವುದು. 3 ಮೀಟರ್ ಉದ್ದದ, 6 ಮಿಲಿಮೀಟರ್ ದಪ್ಪದ ಒಂದು ಶೀಟು ಸುಮಾರು 40 ಕಿಲೋ ತೂಗುತ್ತದೆ. 1,000 ಚದರಡಿಯ ಗೋದಾಮಿಗೆ ಇಂಥ 35 ಶೀಟು ಬೇಕು ಎಂದುಕೊಂಡರೆ ಛಾವಣಿಯ ಭಾರ 1,400 ಕಿಲೋ, ಅದರೊಳಗಿನ ನಾರು 100 ಕಿಲೋಗಿಂತ ಹೆಚ್ಚು. ಜೆಸಿಬಿಯ ಬಕೆಟ್ಟು ಆ ಛಾವಣಿಯನ್ನು ಒಂದರ್ಧ ಗಂಟೆಯಲ್ಲಿ ಕೆಳಗೆ ಎಳೆದು, ತುಳಿದು, ಇಟ್ಟಿಗೆಯ ಜೊತೆ ಕಲಸಿಬಿಡುತ್ತದೆ.

ಇತರ ದೇಶಗಳಲ್ಲಿ ಈ ಕೆಲಸಕ್ಕೆ ಕೊಟ್ಟ ಕಾಲವನ್ನು ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ಪೂರ್ವ ಜರ್ಮನಿಯ ಸಂಸತ್ತು ಸೇರುತ್ತಿದ್ದ ಬರ್ಲಿನ್ನಿನ ‘ಪಲಾಸ್ಟ್ ಡೆರ್ ರಿಪಬ್ಲಿಕ್’ 1976ರಲ್ಲಿ ತೆರೆದ ಕಟ್ಟಡ. ಬೆಂಕಿಯಿಂದ ರಕ್ಷಣೆಗೆಂದು ಅದರ ಉಕ್ಕಿನ ಚೌಕಟ್ಟಿಗೆಲ್ಲ ಕಲ್ನಾರನ್ನು ಎರಚಿ ಅಂಟಿಸಿದ್ದರು. 1990ರ ಸೆಪ್ಟೆಂಬರಿನಲ್ಲಿ, ಎರಡು ಜರ್ಮನಿಗಳು ಒಂದಾಗುವ ಕೆಲವೇ ದಿನ ಮುಂಚೆ, ಈ ಕಾರಣಕ್ಕೇ ಅದನ್ನು ಮುಚ್ಚಲಾಯಿತು. 1998ರಿಂದ 2003ರವರೆಗೆ ಐದು ವರ್ಷ ಬರೀ ಕಲ್ನಾರು ತೆಗೆಯುವ ಕೆಲಸ ನಡೆಯಿತು; ಹೊರಬಂದದ್ದು ಸುಮಾರು 5,000 ಟನ್. ಕಟ್ಟಡವನ್ನು ಉಳಿಸಬೇಕೋ ಬೇಡವೋ ಎಂಬ ರಾಜಕೀಯ ವಾಗ್ವಾದ ಮುಗಿದು, ಅದನ್ನು ಬಿಚ್ಚಿ ನೆಲಸಮ ಮಾಡಿದ್ದು 2006ರಿಂದ 2008ರ ನಡುವೆ. ಕೆಡವುವುದಕ್ಕಿಂತ ಕೆಡವಲು ಅಣಿಗೊಳಿಸುವುದಕ್ಕೇ ಹೆಚ್ಚು ಕಾಲ ಹಿಡಿಯಿತು. ಅರಮನೆಯಂಥ ಕಟ್ಟಡವಾದ್ದರಿಂದ ಹೀಗೆ ಎನ್ನಬಹುದು; ಆದರೆ ಕ್ರಮ ಅದೇ. ಮೊದಲು ನಾರು ಹೊರಗೆ, ಆಮೇಲೆ ಯಂತ್ರ ಒಳಗೆ.

ಸಾಮಾನ್ಯರ ಮನೆಗಳ ಕತೆ ಆಸ್ಟ್ರೇಲಿಯದ ಕ್ಯಾನ್‌ಬೆರಾದ್ದು. ಅಲ್ಲಿ 1968ರಿಂದ 1979ರವರೆಗೆ ಒಂದು ಕಂಪನಿ ಚಳಿ ತಡೆಯಲೆಂದು ಮನೆಗಳ ಮಾಳಿಗೆಗೆ ಸಡಿಲ ಕಲ್ನಾರನ್ನೇ, ಹತ್ತಿಯ ಹಾಗೆ, ಕೊಳವೆಯಿಂದ ತುಂಬಿಸಿತು. 1988ರಿಂದ ಸರ್ಕಾರ ಐದು ವರ್ಷ ಕಾರ್ಯಕ್ರಮ ಹಾಕಿಕೊಂಡು ಮಾಳಿಗೆಗಳನ್ನು ತೊಳೆಸಿ, ಮನೆಗಳು ಶುದ್ಧವಾದವು ಎಂದು ಕಾಗದ ಕೊಟ್ಟಿತು. ಎರಡು ದಶಕ ಕಳೆದ ಮೇಲೆ ಗೋಡೆಗಳ ಸಂದಿನಲ್ಲಿ, ನೆಲದ ಅಡಿಯಲ್ಲಿ ನಾರು ಹಾಗೇ ಉಳಿದಿರುವುದು ಕಂಡಿತು. 2014ರಲ್ಲಿ ಅಲ್ಲಿನ ಸರ್ಕಾರ ಇಂಥ ಸಾವಿರಕ್ಕೂ ಹೆಚ್ಚು ಮನೆಗಳನ್ನು ಮಾಲೀಕರಿಂದ ಕೊಂಡುಕೊಂಡು ಕೆಡವುವ ನಿರ್ಧಾರ ಮಾಡಿತು. ಒಳಗಿನ ನಾರನ್ನು ಮತ್ತೊಮ್ಮೆ ಹೀರಿ ತೆಗೆದು, ಉಳಿದದ್ದು ಹಾರದಂತೆ ಅಂಟು ಸಿಂಪಡಿಸಿ, ಆಮೇಲೆ ಮನೆ ಕೆಡವಿ, ಅದರ ಕೆಳಗಿನ ಮೇಲ್ಮಣ್ಣನ್ನೂ ಕೆರೆದು ಪರೀಕ್ಷಿಸಿದ ಬಳಿಕವೇ ಹೊಸ ಮನೆಗೆ ಒಪ್ಪಿಗೆ. ಅಗ್ಗಕ್ಕೆ ಸಿಕ್ಕ ವಸ್ತುವಿನ ನಿಜವಾದ ಬೆಲೆಯನ್ನು ನಲವತ್ತು ವರ್ಷದ ನಂತರ ತೆರಿಗೆದಾರರು ಕೊಟ್ಟರು.

ಕೆಡವುವ ಮುಂಚಿನ ಕೆಲಸಗಳಲ್ಲಿ ಮೊದಲನೆಯದು ತಪಾಸಣೆ. ಜನ ವಾಸವಿರುವ ಕಟ್ಟಡದ ತಪಾಸಣೆಗೂ ಕೆಡವಲಿರುವ ಕಟ್ಟಡದ ತಪಾಸಣೆಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕಣ್ಣಿಗೆ ಕಾಣುವುದನ್ನು ನೋಡಿದರೆ ಸಾಕು. ಎರಡನೆಯದರಲ್ಲಿ ಕಟ್ಟಡ ಖಾಲಿ ಮಾಡಿಸಿ, ಫಾಲ್ಸ್ ಸೀಲಿಂಗ್ ಬಿಚ್ಚಿ, ನೆಲದ ಟೈಲು ಎಬ್ಬಿಸಿ, ಪೈಪು ಹಾದುಹೋದ ಸಂದು ತೆರೆದು, ಲಿಫ್ಟಿನ ಗುಂಡಿಯವರೆಗೆ ಇಳಿದು ನೋಡಬೇಕು. ಗೋಡೆಗೆ ತೂತು ಬಿದ್ದರೂ ಚಿಂತೆಯಿಲ್ಲ, ಹೇಗೂ ಅದು ಬೀಳಲಿರುವ ಗೋಡೆ. ಬ್ರಿಟನ್ನಿನ ನಿಯಮಗಳಲ್ಲಿ ಒಂದು ವಿವೇಕದ ಮಾತಿದೆ: ಅಲ್ಲವೆಂದು ಬಲವಾದ ಆಧಾರ ಸಿಗುವವರೆಗೆ ವಸ್ತುವಿನಲ್ಲಿ ಕಲ್ನಾರು ಇದೆ ಎಂದೇ ಭಾವಿಸಿಕೊಳ್ಳಬೇಕು. ಅಲ್ಲಿ 1999ರಲ್ಲಿ ಪೂರ್ಣ ನಿಷೇಧ ಬಂದದ್ದರಿಂದ 2000ದ ನಂತರ ಕಟ್ಟಿದ ಮನೆಗಳ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಭಾರತದಲ್ಲಿ ಆ ಅನುಕೂಲವೂ ಇಲ್ಲ. ಶೀಟು ಇಂದಿಗೂ ಮಾರಾಟದಲ್ಲಿರುವುದರಿಂದ ನಿನ್ನೆ ಮೊನ್ನೆ ಹೊದಿಸಿದ ಛಾವಣಿಯಲ್ಲೂ ನಾರು ಇರಬಹುದು. ಕಲ್ನಾರಿಲ್ಲದ ಶೀಟುಗಳೂ ಈಗ ಸಿಗುತ್ತವೆ, ನೋಡುವುದಕ್ಕೆ ಎರಡೂ ಒಂದೇ ಥರ.

ಸಂಶಯವಿದ್ದ ಕಡೆ ಮಾದರಿ ತೆಗೆಯುವ ವಿಧಾನ ಸರಳ, ಆದರೆ ಶಿಸ್ತು ಬೇಡುತ್ತದೆ. ಜಾಗವನ್ನು ನೀರು ಸಿಂಪಡಿಸಿ ಒದ್ದೆ ಮಾಡಿ, ಉಗುರಿನಷ್ಟಗಲದ ಚೂರನ್ನು ಮೆಲ್ಲಗೆ ಬಿಡಿಸಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ ಮುಚ್ಚಿ, ಕಿತ್ತ ಜಾಗಕ್ಕೆ ಟೇಪು ಅಂಟಿಸಿ, ನಕ್ಷೆಯಲ್ಲಿ ಗುರುತು ಹಾಕಬೇಕು. ಪ್ರಯೋಗಾಲಯದಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನಾರಿನ ಜಾತಿ ಗೊತ್ತಾಗುತ್ತದೆ. ಶೀಟಿಗಿಂತ ಹೆಚ್ಚು ಹುಷಾರಾಗಿ ಹುಡುಕಬೇಕಾದ್ದು ಬೇರೆ ವಸ್ತುಗಳನ್ನು: ಸಕ್ಕರೆ ಕಾರ್ಖಾನೆ, ಗಿರಣಿ, ಹಳೆಯ ಆಸ್ಪತ್ರೆಗಳ ಬಾಯ್ಲರು ಮತ್ತು ಹಬೆಯ ಪೈಪುಗಳಿಗೆ ಸುತ್ತಿದ ಹೊದಿಕೆ, ಒಲೆಯ ಬಾಗಿಲಿನ ಹಗ್ಗ, ಗ್ಯಾಸ್ಕೆಟ್ಟು, ಸಿನಿಮಾ ಮಂದಿರಗಳಲ್ಲಿ ಸದ್ದು ಹೀರಲು ಹಾಕಿದ ಹಲಗೆ, ವಿದ್ಯುತ್ ಪ್ಯಾನೆಲ್ಲಿನ ಹಿಂದಿನ ಹಲಗೆ. ಇವುಗಳಲ್ಲಿ ನಾರಿನ ಪಾಲು ಶೀಟಿನಲ್ಲಿರುವುದಕ್ಕಿಂತ ಬಹಳ ಹೆಚ್ಚಿರಬಹುದು. ಕೆಲವನ್ನು ಬೆರಳಿನಿಂದ ಹಿಸುಕಿದರೇ ಪುಡಿಯಾಗುತ್ತದೆ.

ಹೀಗೆ ಪುಡಿಯಾಗುವ ಬಗೆಯನ್ನು ತೆಗೆಯುವುದು ತರಬೇತಿ ಇಲ್ಲದವರ ಕೆಲಸವಲ್ಲ. ಆ ಭಾಗವನ್ನು ದಪ್ಪ ಪಾಲಿಥಿನ್ ಹಾಳೆಯಿಂದ ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಮೂಲಕ ಸದಾ ಹೊರಗೆ ಎಳೆಯುತ್ತ ಇರಬೇಕು. ಆಗ ಒಳಗಿನ ಒತ್ತಡ ಕಡಿಮೆಯಿದ್ದು, ಎಲ್ಲೋ ಹರಿದರೂ ಹೊರಗಿನ ಗಾಳಿ ಒಳಬರುತ್ತದೆಯೇ ಹೊರತು ಒಳಗಿನ ಧೂಳು ಆಚೆ ಹೋಗುವುದಿಲ್ಲ. ಕಾರ್ಮಿಕ ಹೊರಬರುವ ದಾರಿಯಲ್ಲಿ ಮೂರು ಕೋಣೆಗಳು: ಕೊಳೆ ಬಟ್ಟೆ ಕಳಚಲು ಒಂದು, ಸ್ನಾನಕ್ಕೆ ಒಂದು, ಸ್ವಂತ ಬಟ್ಟೆ ತೊಡಲು ಒಂದು. ಕೆಲಸ ಮುಗಿದ ಮೇಲೆ ಬೇರೆಯವರು ಬಂದು ಗಾಳಿಯ ಮಾದರಿ ಎಣಿಸಿ, ಒಂದು ಮಿಲಿಲೀಟರ್ ಗಾಳಿಯಲ್ಲಿ 0.01 ನಾರಿಗಿಂತ ಕಡಿಮೆ ಇದ್ದರೆ ಮಾತ್ರ ಹೊದಿಕೆ ಬಿಚ್ಚಲು ಬ್ರಿಟನ್ನಿನಲ್ಲಿ ಒಪ್ಪಿಗೆ. ಕೆಲಸ ಮಾಡಿದವರೇ ಶುದ್ಧವಾಯಿತೆಂದು ಸಹಿ ಹಾಕುವಂತಿಲ್ಲ ಎಂಬುದು ಇಲ್ಲಿನ ಮುಖ್ಯ ಅಂಶ.

ಶೀಟಿಗೆ ಇಷ್ಟೆಲ್ಲ ಬೇಕಿಲ್ಲ. ಹೆಚ್ಚಾಗಿ ಬೇಕಾದ್ದು ನೀರು ಮತ್ತು ಸಮಾಧಾನ. ಹಿಂದಿನ ದಿನ ಸಂಜೆ, ಕೆಲಸದ ದಿನ ಬೆಳಿಗ್ಗೆ, ಛಾವಣಿಯ ಎರಡೂ ಬದಿಗೆ ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪಿನಿಂದ ಮಂಜಿನಂತೆ ನೀರು ಸಿಂಪಡಿಸಬೇಕು. ನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಅದು ಮೇಲ್ಮೈಗೆ ಚೆನ್ನಾಗಿ ಹಿಡಿಯುತ್ತದೆ. ಜೋರಾದ ಪೈಪಿನ ನೀರು ಬಿಡಬಾರದು; ಅದು ಪಾಚಿಯ ಜೊತೆ ನಾರನ್ನೂ ಕಿತ್ತು ಅಕ್ಕಪಕ್ಕದ ಅಂಗಳಕ್ಕೆ ಹರಿಸುತ್ತದೆ. ಶೀಟಿನ ಮೇಲೆ ಕಾಲಿಡಬಾರದು. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ, ಮುರಿದು ಕೆಳಗೆ ಬಿದ್ದು ಸಾಯುವವರಿಗೆ ಕಲ್ನಾರಿನ ಕಾಯಿಲೆ ಬರುವಷ್ಟು ಆಯುಷ್ಯವೂ ಸಿಗುವುದಿಲ್ಲ. ಸಾಧ್ಯವಾದರೆ ಕೆಳಗಿನಿಂದ ಅಟ್ಟಣೆ ಕಟ್ಟಿ, ಇಲ್ಲವೇ ತೊಲೆಯಿಂದ ತೊಲೆಗೆ ಹಲಗೆ ಹಾಸಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕೆಲಸ ಮಾಡಬೇಕು. ಶೀಟನ್ನು ತೊಲೆಗೆ ಬಿಗಿದಿರುವ ಜೆ ಹುಕ್ಕಿನ ನಟ್ಟು ತುಕ್ಕು ಹಿಡಿದು ತಿರುಗದಿದ್ದರೆ ಅದನ್ನು ಕೈಕಟರಿನಿಂದ ಕತ್ತರಿಸಬೇಕು. ಶೀಟನ್ನೇ ಒಡೆದು ಹುಕ್ಕು ಬಿಡಿಸುವುದು, ಗ್ರೈಂಡರ್ ಹಿಡಿಯುವುದು ಎರಡೂ ಕೂಡದು. ಗ್ರೈಂಡರಿನ ಚಕ್ರ ಒಣ ಶೀಟಿಗೆ ತಾಗಿದಾಗ ಏಳುವ ಬಿಳಿ ಹೊಗೆಯಂಥದ್ದೇ ಈ ಇಡೀ ಎಚ್ಚರಿಕೆಗೆ ಕಾರಣವಾದ ವಸ್ತು.

ಬಿಡಿಸಿದ ಶೀಟನ್ನು ಮೇಲಿನಿಂದ ಎಸೆಯದೆ ಇಬ್ಬರು ಮೂವರು ಕೈಯಿಂದ ಕೈಗೆ ಇಳಿಸಿ, ನೆಲಕ್ಕೆ ಹಾಸಿದ ಪಾಲಿಥಿನ್ ಮೇಲೆ ಚಪ್ಪಟೆಯಾಗಿ ಪೇರಿಸಬೇಕು. ಪೇರಿಕೆಯನ್ನು 200 ಮೈಕ್ರಾನ್ ದಪ್ಪದ ಹಾಳೆಯಿಂದ ಎರಡು ಸುತ್ತು ಸುತ್ತಿ ಟೇಪು ಹಾಕಿ, ಒಳಗೇನಿದೆ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಆರಿಸಿ ಚೀಲಕ್ಕೆ ಹಾಕಬೇಕು. ಒಣ ಪೊರಕೆ ಹಿಡಿದರೆ ಅಲ್ಲಿಯವರೆಗಿನ ಎಚ್ಚರವೆಲ್ಲ ವ್ಯರ್ಥ. ಕರವಸ್ತ್ರ, ಬಟ್ಟೆಯ ಮಾಸ್ಕು ನಾರನ್ನು ತಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಎನ್ 95 ಮಾದರಿಯನ್ನೂ ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ ಈ ಕೆಲಸಕ್ಕೆ ಒಪ್ಪುವುದಿಲ್ಲ. ಕನಿಷ್ಠಪಕ್ಷ ಫಿಲ್ಟರ್ ಡಬ್ಬಿ ಸಿಕ್ಕಿಸುವ ರಬ್ಬರಿನ ಅರ್ಧ ಮುಖವಾಡ ಬೇಕು, ಅದು ಕೆನ್ನೆಗೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ. ಹಾಕಿದ ಬಟ್ಟೆ ಮನೆಗೆ ಹೋಗಬಾರದು. ಕಲ್ನಾರಿನ ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ, ಅಪ್ಪನನ್ನು ತಬ್ಬಿಕೊಂಡ ಮಕ್ಕಳಿಗೆ ಮೀಸೊಥೀಲಿಯೋಮ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಕೆಲಸದ ಜಾಗದಲ್ಲೇ ಕೈಕಾಲು ತೊಳೆಯಲು ನೀರು, ಬಟ್ಟೆ ಬದಲಿಸಲು ಮರೆ ಒದಗಿಸುವುದು ಮಾಲೀಕನಿಗೆ ದೊಡ್ಡ ಖರ್ಚಲ್ಲ.

ಇಳಿಸಿದ ಶೀಟು ಎಲ್ಲಿಗೆ ಹೋಗಬೇಕು ಎಂಬಲ್ಲಿ ಭಾರತದ ವ್ಯವಸ್ಥೆ ತೀರಾ ದುರ್ಬಲ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯವನ್ನು ತಳಕ್ಕೆ ಪದರ ಹಾಸಿ ಹೂಳುವ ತಾಣವಿದೆ. ಆದರೆ ಅದು ಕಾರ್ಖಾನೆಗಳ ತ್ಯಾಜ್ಯಕ್ಕೆ ಮಾಡಿದ ವ್ಯವಸ್ಥೆ; ಹತ್ತಿಪ್ಪತ್ತು ಶೀಟು ಇರುವ ಮನೆಯವನು ಅಲ್ಲಿಗೆ ಲಾರಿ ಕಳಿಸುವುದು ಆಗುಹೋಗುವ ಮಾತಲ್ಲ. ನಡೆಯುವುದು ಬೇರೆ. ಇಡಿಯಾಗಿ ಉಳಿದ ಶೀಟು ಗುಜರಿಗೆ ಹೋಗಿ ಅಲ್ಲಿಂದ ದನದ ಕೊಟ್ಟಿಗೆಗೋ ಕೂಲಿಕಾರರ ಶೆಡ್ಡಿಗೋ ಸೇರುತ್ತದೆ. ಒಡೆದದ್ದು ಇಟ್ಟಿಗೆ ಗಾರೆಯ ಜೊತೆ ಟ್ರ್ಯಾಕ್ಟರ್ ಏರಿ ತಗ್ಗು ಸೈಟಿನ ಭರ್ತಿಗೆ, ಕೆರೆಯ ಅಂಚಿಗೆ, ಹೊಸ ಮನೆಯ ಪಾಯಕ್ಕೆ ಹೋಗುತ್ತದೆ. ಕಟ್ಟಡದ ಅವಶೇಷವನ್ನು ಪುಡಿ ಮಾಡಿ ಮರಳು, ಜಲ್ಲಿ ಮಾಡುವ ಘಟಕಗಳು ಬೆಳೆದಂತೆ ಈ ತೊಂದರೆ ಇನ್ನೂ ಬಿಗಡಾಯಿಸುತ್ತದೆ, ಏಕೆಂದರೆ ಅಲ್ಲಿ ನಾರನ್ನು ಯಂತ್ರಕ್ಕೇ ಹಾಕಿ ಅರೆದಂತಾಗುತ್ತದೆ. 2024ರ ಜನವರಿಯಲ್ಲಿ ಸಿಡ್ನಿಯ ರೋಜೆಲ್ ಉದ್ಯಾನದಲ್ಲಿ ಮಕ್ಕಳ ಆಟದ ಜಾಗದ ಹತ್ತಿರ, ಗಿಡಗಳ ಬುಡಕ್ಕೆ ಹಾಸಿದ ಮರುಬಳಕೆಯ ಮರದ ಚೂರಿನಲ್ಲಿ ಕಲ್ನಾರು ಸಿಕ್ಕಿತು. ಹುಡುಕುತ್ತ ಹೋದರೆ ಉದ್ಯಾನ, ಶಾಲೆ, ಆಸ್ಪತ್ರೆಗಳೂ ಸೇರಿ ಹತ್ತಾರು ಕಡೆ ಅದೇ ಮಾಲು ಹರಡಿತ್ತು. ಕಟ್ಟುನಿಟ್ಟಿನ ಕಾನೂನಿರುವ ದೇಶದಲ್ಲೇ ಹೀಗಾಗಬಹುದಾದರೆ, ಬೇರ್ಪಡಿಸುವ ಅಭ್ಯಾಸವೇ ಇಲ್ಲದ ಕಡೆ ಏನಾಗುತ್ತಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಭಾರತದಲ್ಲಿ ನಿಯಮಗಳೇ ಇಲ್ಲವೆನ್ನುವಂತಿಲ್ಲ. ಕಟ್ಟಡ ಕೆಡವುವ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 4130 ಇದೆ, ಕಲ್ನಾರಿನ ತ್ಯಾಜ್ಯ ವಿಲೇವಾರಿಗೆ ಐಎಸ್ 11768 ಇದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಆದರೆ ಕೆಡವುವ ಕೂಲಿಕಾರನ ಹೆಸರೇ ಯಾವ ಪುಸ್ತಕದಲ್ಲೂ ಇರುವುದಿಲ್ಲ; ದಾಖಲೆ ಇಡುವವರಾರು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಎಸೆದ ಕಲ್ನಾರು ಸೇರಿದೆ, ಆದರೆ ಅದು ಬರುವುದು ಕಲ್ನಾರಿನ ಉತ್ಪಾದನೆ ಎಂಬ ತಲೆಬರಹದ ಕೆಳಗೆ. ಒಡೆದ ಮನೆ ಅದರೊಳಗೆ ಬರುತ್ತದೋ ಇಲ್ಲವೋ ಎಂಬುದು ವಕೀಲರ ವಾದಕ್ಕೆ ಬಿಟ್ಟದ್ದು. ಅದೇ ವರ್ಷದ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ತ್ಯಾಜ್ಯ ಬರುವಲ್ಲಿ ಕಾಂಕ್ರೀಟು, ಮಣ್ಣು, ಉಕ್ಕು ಮರ ಪ್ಲಾಸ್ಟಿಕ್ಕು, ಇಟ್ಟಿಗೆ ಗಾರೆ ಎಂದು ನಾಲ್ಕು ರಾಶಿ ಮಾಡಲು ಹೇಳಿದವು. ಕಲ್ನಾರಿಗೆಂದು ಐದನೆಯ ರಾಶಿಯ ಮಾತಿರಲಿಲ್ಲ. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳ ಕಣ್ಣು 20,000 ಚದರ ಮೀಟರ್ ಮೀರಿದ ಯೋಜನೆಗಳ ಮೇಲಿದೆ. ಶೀಟ್ ಮನೆಗಳಿರುವುದು ಅದಕ್ಕಿಂತ ಬಹಳ ಕೆಳಗೆ. ಜನಗಣತಿಯೂ ಛಾವಣಿಯ ಲೆಕ್ಕ ಹಾಕುವಾಗ ತಗಡು ಮತ್ತು ಕಲ್ನಾರಿನ ಶೀಟನ್ನು ಒಂದೇ ಕಾಲಂನಲ್ಲಿ ಸೇರಿಸಿರುವುದರಿಂದ, ನಾಳೆ ಎಷ್ಟು ಕಲ್ನಾರಿನ ಛಾವಣಿ ಇಳಿಸಬೇಕಾದೀತು ಎಂಬ ಲೆಕ್ಕವೂ ಅದರಿಂದ ಸಿಗುವುದಿಲ್ಲ.

ಜಪಾನಿನ ದಾರಿ ಹೆಚ್ಚು ನೇರ. ಅಲ್ಲಿ 2022ರ ಏಪ್ರಿಲ್‌ನಿಂದ 80 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಕೆಡವುವವರು, ಕಲ್ನಾರು ಇರಲಿ ಇಲ್ಲದಿರಲಿ, ತಪಾಸಣೆಯ ಫಲಿತಾಂಶವನ್ನು ಮುಂಚಿತವಾಗಿ ಸರ್ಕಾರಕ್ಕೆ ತಿಳಿಸಬೇಕು. 2023ರ ಅಕ್ಟೋಬರ್‌ನಿಂದ ತಪಾಸಣೆ ಮಾಡುವವರಿಗೆ ಅರ್ಹತೆಯೂ ಬೇಕು. 80 ಚದರ ಮೀಟರ್ ಎಂದರೆ ಸುಮಾರು 860 ಚದರಡಿ, 20-30 ಅಡಿಯ ಸೈಟಿನ ಒಂದೂವರೆ ಪಟ್ಟೂ ಇಲ್ಲ. ‘ಇಲ್ಲ’ ಎಂಬುದನ್ನೂ ಬರೆದುಕೊಡಬೇಕು ಎಂಬ ಷರತ್ತಿನಲ್ಲೇ ಈ ನಿಯಮದ ಬಲವಿದೆ. ಹುಡುಕದೆ ಇಲ್ಲವೆನ್ನುವುದಕ್ಕೆ ಅಲ್ಲಿ ಅವಕಾಶ ಕಡಿಮೆ.

ಇಂಥ ನಿಯಮ ಭಾರತದಲ್ಲಿ ಫಲಿಸಬೇಕಾದರೆ ಕೆಡವುವ ವ್ಯಾಪಾರದ ಲೆಕ್ಕವನ್ನು ಅರಿಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ಮಾಲೀಕ ಗುತ್ತಿಗೆದಾರನಿಗೆ ಹಣ ಕೊಡುತ್ತಾನೆ. ಭಾರತದ ನಗರಗಳಲ್ಲಿ ಬಹಳ ಸಲ ಗುತ್ತಿಗೆದಾರನೇ ಮಾಲೀಕನಿಗೆ ಹಣ ಕೊಟ್ಟು ಹಳೆಯ ಮನೆಯನ್ನು ‘ಕೊಂಡು’ ಒಡೆಯುತ್ತಾನೆ; ತೇಗದ ಬಾಗಿಲು, ಗ್ರಿಲ್ಲು, ಸರಳು, ಕಲ್ಲುಚಪ್ಪಡಿ, ಮಂಗಳೂರು ಹೆಂಚು ಮಾರಿ ಲಾಭ ಮಾಡಿಕೊಳ್ಳುತ್ತಾನೆ. ಈ ಚೌಕಾಸಿಯಲ್ಲಿ ಶೀಟು ಕೂಡ ಒಂದು ಮಾಲು, ಇಲ್ಲವೇ ಬೇಗ ಬದಿಗೆ ತಳ್ಳಬೇಕಾದ ಕಸ. ಕೆಲಸ ಎಷ್ಟು ಬೇಗ ಮುಗಿದರೆ ಅಷ್ಟು ಉಳಿತಾಯ. ಒಪ್ಪಂದವಾದ ಮೇಲೆ ಅವನಿಗೆ ಕಲ್ನಾರಿನ ಬಗ್ಗೆ ಎಷ್ಟು ತಿಳಿಹೇಳಿದರೂ ಉಪಯೋಗವಿಲ್ಲ, ಏಕೆಂದರೆ ಎಚ್ಚರಿಕೆಯ ಪ್ರತಿ ಗಂಟೆಯೂ ಅವನ ಕೈಯಿಂದ ಹೋಗುವ ದುಡ್ಡು. ಆದ್ದರಿಂದ ಹೊಣೆ ಮಾಲೀಕನದಾಗಬೇಕು, ಅದೂ ಚೌಕಾಸಿಗೆ ಮುಂಚೆ. ಶೀಟು ಇಳಿಸಿ, ಸುತ್ತಿ, ಕಳಿಸಿದ ಮೇಲೆಯೇ ಉಳಿದ ಕಟ್ಟಡದ ಬೆಲೆ ಕಟ್ಟುವ ಪದ್ಧತಿ ಬಂದರೆ ಗುತ್ತಿಗೆದಾರನ ಆತುರಕ್ಕೂ ಕಲ್ನಾರಿಗೂ ಸಂಬಂಧ ತಪ್ಪುತ್ತದೆ.

ಬಡವರಿಗೆ ಇದು ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆರೇಳು ಶೀಟಿನ ಮನೆಯವನಿಗೆ ಪ್ರಯೋಗಾಲಯದ ವರದಿ ಕೇಳುವುದು ಕ್ರೂರ ತಮಾಷೆಯಾದೀತು. ಅವನಿಂದ ಏನನ್ನೂ ಕೇಳಬೇಕಾಗಿಲ್ಲ. ಸಿಮೆಂಟ್ ಶೀಟೆಲ್ಲ ಕಲ್ನಾರಿನದೇ ಎಂದು ಭಾವಿಸಿ, ತಾಲ್ಲೂಕಿಗೊಂದು ಸಂಗ್ರಹ ಜಾಗ ಮಾಡಿ, ಪಾಲಿಥಿನ್ ಹಾಳೆ ಮತ್ತು ಮುಖವಾಡವನ್ನು ಸ್ಥಳೀಯ ಸಂಸ್ಥೆಯೇ ಕೊಟ್ಟು, ತಿಂಗಳಿಗೊಮ್ಮೆ ಲಾರಿ ಕಳಿಸಿದರೆ ಸಾಕು. ಖರ್ಚನ್ನು ಶೀಟು ಮಾರುವವರಿಂದ ವಸೂಲಿ ಮಾಡುವುದು ನ್ಯಾಯ. ಪ್ಲಾಸ್ಟಿಕ್ಕಿಗೆ, ಬ್ಯಾಟರಿಗೆ, ಹಳೆಯ ಟೀವಿಗೆ ತಯಾರಕರೇ ಕೊನೆಯವರೆಗೆ ಹೊಣೆ ಎಂಬ ತತ್ತ್ವ ಈ ದೇಶದ ನಿಯಮಗಳಲ್ಲಿ ಈಗಾಗಲೇ ಇದೆ. ತನ್ನ ಮಾಲು ಸುರಕ್ಷಿತವಾಗಿ ಬಳಸಬಹುದಾದದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಉದ್ಯಮ ಅದರ ಕೊನೆಯ ದಿನದ ಸುರಕ್ಷತೆಗೂ ಹಣ ಕೊಡಬೇಕು. ಹಳೆಯ ಶೀಟಿನ ಮರುಮಾರಾಟವನ್ನು ತಡೆಯುವುದು ಇದಕ್ಕಿಂತ ಕಷ್ಟ. ಹೊಸದು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವಾಗ ಹಳೆಯದನ್ನು ಮಾರಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಆದರೂ ಸವೆದ ಶೀಟಿಗೆ ಹೊಸ ತೂತು ಕೊರೆದು ಮತ್ತೆ ಹೊದಿಸುವುದು ಹೊಸ ಶೀಟಿಗಿಂತ ಕೆಟ್ಟದ್ದು. ಹೊಸದರ ಮಾರಾಟ ನಿಲ್ಲುವವರೆಗೆ ಈ ಗಂಟು ಪೂರ್ತಿ ಬಿಚ್ಚುವುದಿಲ್ಲ.

ಮಾರಾಟ ನಿಲ್ಲಿಸುವುದು ದೆಹಲಿಯ ಕೈಯಲ್ಲಿರುವ ವಿಷಯ, ಅದಕ್ಕೆ ಎಷ್ಟು ವರ್ಷ ಹಿಡಿದೀತೋ. ಕೆಡವುವ ಮುಂಚಿನ ತಪಾಸಣೆಗೆ ಅಷ್ಟು ಕಾಯಬೇಕಿಲ್ಲ. ಹಳೆಯ ಮನೆ ತೆಗೆದು ಹೊಸದು ಕಟ್ಟುವವರು ನಕ್ಷೆ ಮಂಜೂರಾತಿಗೆ ಹೇಗೂ ಪಾಲಿಕೆಗೋ ಪುರಸಭೆಗೋ ಪಂಚಾಯಿತಿಗೋ ಅರ್ಜಿ ಹಾಕುತ್ತಾರೆ. ಆ ಅರ್ಜಿಯಲ್ಲಿ ‘ಹಳೆಯ ಕಟ್ಟಡದಲ್ಲಿ ಸಿಮೆಂಟ್ ಶೀಟು, ಕಲ್ನಾರು ಸಿಮೆಂಟಿನ (ಎಸಿ) ಪೈಪು, ಬಾಯ್ಲರ್ ಹೊದಿಕೆ ಇದೆಯೇ? ಇದ್ದರೆ ಎಷ್ಟು? ಇಳಿಸಿ ಎಲ್ಲಿಗೆ ಕಳಿಸಲಾಗಿದೆ?’ ಎಂದು ಮೂರು ಪ್ರಶ್ನೆ ಸೇರಿಸಿ, ಉತ್ತರಕ್ಕೆ ರಸೀದಿ ಲಗತ್ತಿಸದೆ ಮಂಜೂರಾತಿ ಇಲ್ಲ ಎನ್ನುವುದು ಸ್ಥಳೀಯ ಸಂಸ್ಥೆಗಳಿಂದ ಆಗಬಹುದಾದ ಕೆಲಸ. ಸರ್ಕಾರಿ ಶಾಲೆಗಳ ಶೀಟಿನ ಕೊಠಡಿಗಳಿಂದ ಅದನ್ನು ಶುರುಮಾಡಬೇಕು.